ಕೆಲಸ ಬಿಟ್ಟ ಮೂವರ ಬಗ್ಗೆ

ಮಾನ್ಯರೇ,

ನೀವು ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕರು. ಬೌದ್ಧಿಕ ವೈಕಲ್ಯವಿದ್ದ ಇಬ್ಬರನ್ನೂ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಇಬ್ಬರನ್ನೂ ಕೆಲಸಕ್ಕೆ ಸೇರಿಸಿಕೊಂಡಿರಿ. ವರ್ಷ ತುಂಬುವುದರೊಳಗೆ ಮೂವರು ಬಿಟ್ಟುಹೋದರು. “ಕೆಲಸ ಚೆನ್ನಾಗಿಯೇ ಕಲಿತಿದ್ದರು. ಇವರಿಗೆ ಕಾರ್ಖಾನೆ ಒಗ್ಗುವುದಿಲ್ಲವೇ?” ಎಂದು ಕೇಳಿದ್ದೀರಿ.

ಕಲಿತಿದ್ದರೆಂದು ನೀವೇ ಹೇಳುತ್ತಿರುವಾಗ ಅನುಮಾನವನ್ನು ಅವರ ಮೇಲೇಕೆ ಹಾಕಬೇಕು? ಪತ್ರದ ಎರಡನೆಯ ಪುಟದಲ್ಲಿ, ಬೇರೇನೋ ಹೇಳುವಾಗ, ಪಾಳಿಗಳನ್ನು ಬದಲಾಯಿಸಿದ್ದನ್ನೂ ಕೆಲಸ ಕಲಿಸಿದ ಹಿರಿಯ ಕಾರ್ಮಿಕರು ಬೇರೆ ವಿಭಾಗಕ್ಕೆ ಹೋದದ್ದನ್ನೂ ಬರೆದಿದ್ದೀರಿ. ನನಗೆ ಪತ್ರದ ತಿರುಳು ಕಂಡದ್ದು ಅಲ್ಲಿ.

ನಾಲ್ವರನ್ನೂ ನೀವು ‘ಇವರು’ ಎಂದು ಒಂದೇ ಪಟ್ಟಿಗೆ ಸೇರಿಸಿದ್ದೀರಿ. ಅವರ ಕಷ್ಟಗಳು ಒಂದೇ ಅಲ್ಲ. ಬೌದ್ಧಿಕ ವೈಕಲ್ಯ ಇರುವವರು ರೂಢಿಯಾದ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತಿರಬಹುದು. ಪೆಟ್ಟಿಗೆಯ ಅಳತೆ ಬದಲಾದ ದಿನ ಮತ್ತೆ ಮಾಡಿ ತೋರಿಸುವವರು ಬೇಕು. ಗದ್ದಲದ ನಡುವೆ ಕೂಗಿ ಹೇಳಿದ ಸೂಚನೆಗಿಂತ ಗೋಡೆಗೆ ಅಂಟಿಸಿದ ಚಿತ್ರ ಅವರಿಗೆ ಹೆಚ್ಚು ನೆರವಾಗುತ್ತದೆ. ಮಾನಸಿಕ ಕಾಯಿಲೆ ಏರಿಳಿಯುವಂಥದ್ದು. ಮನಸ್ಸು ಅತಿಯಾದ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಬೈಪೋಲಾರ್ ಕಾಯಿಲೆ ಇರುವವರಿಗೆ ರಾತ್ರಿ ಪಾಳಿಯಲ್ಲಿ ನಿದ್ದೆ ಕೆಟ್ಟರೆ ಅದೇ ಉನ್ಮಾದಕ್ಕೆ ದಾರಿಯಾಗಬಹುದು. ಕೆಲವು ಔಷಧಿಗಳ ಮಂಪರು ಬೆಳಿಗ್ಗೆಯೂ ಇಳಿದಿರುವುದಿಲ್ಲ. ಅದನ್ನು ಸೋಮಾರಿತನವೆಂದು ಹಾಜರಿ ಪುಸ್ತಕದಲ್ಲಿ ಬರೆಯುವವರನ್ನು ನಾನು ಕಂಡಿದ್ದೇನೆ.

1990ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ‘ಮೊದಲು ತರಬೇತಿ, ಆಮೇಲೆ ಕೆಲಸ’ ಎಂಬ ಹಳೆಯ ಕ್ರಮವನ್ನೇ ತಿರುವು ಮುರುವು ಮಾಡಿದರು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಮೊದಲು ಎಲ್ಲರಂತೆ ಸಂಬಳದ ಕೆಲಸ ಕೊಡಿಸಿ, ಬಳಿಕ ಇಷ್ಟೇ ತಿಂಗಳು ಎಂಬ ಮಿತಿಯಿಲ್ಲದೆ ಬೆನ್ನಿಗೆ ನಿಲ್ಲುವುದು ಅವರ ವಿಧಾನ. ಅದರಿಂದ ಹೆಚ್ಚು ಜನರಿಗೆ ಕೆಲಸ ಸಿಕ್ಕಿತು, ನಿಜ. ಸಿಕ್ಕ ಕೆಲಸವನ್ನು ಉಳಿಸಿಕೊಳ್ಳುವುದು ಅಲ್ಲಿಯೂ ಕಷ್ಟವೇ ಆಯಿತು. ಆದ್ದರಿಂದ ನೀವೊಬ್ಬರೇ ಸೋತಿರಿ ಎಂದುಕೊಳ್ಳಬೇಡಿ.

ಮಾಲೀಕರಿಗೆ ಕಾನೂನಿನ ಭಾಷೆಯೇ ಬೇಕೆಂದರೆ ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯನ್ನು ತೋರಿಸಿ. ನೇಮಕಾತಿಯ ಜೊತೆಗೆ ಉದ್ಯೋಗ ಉಳಿಸಿಕೊಳ್ಳುವುದನ್ನೂ ಅದು ಹೆಸರಿಸಿಯೇ ಹೇಳುತ್ತದೆ.

ಹೋದ ಮೂವರನ್ನು ಸಾಧ್ಯವಾದರೆ ಭೇಟಿಯಾಗಿ, ಬಿಡುವ ಮುಂಚಿನ ತಿಂಗಳು ಏನು ಬದಲಾಯಿತೆಂದು ಕೇಳಿ. ಏಕೆ ಬಿಟ್ಟಿರಿ ಎಂದು ಕೇಳಬೇಡಿ. ಅದು ವಿಚಾರಣೆಯಂತೆ ಕೇಳಿಸುತ್ತದೆ. ಉಳಿದಿರುವ ನಾಲ್ಕನೆಯವರ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ. ಅವರ ಪಾಳಿ ಬದಲಾಗಿರಲಿಕ್ಕಿಲ್ಲ ಎಂಬುದು ನನ್ನ ಊಹೆ. ತಪ್ಪಿದ್ದರೆ ತಿಳಿಸಿ.

– ಸಂಪಾದಕ