‘ಜರ್ಕ್’ ಪದಕ್ಕೆ ಇಷ್ಟೊಂದು ಅರ್ಥಗಳಿವೆಯಲ್ಲ, ಎಲ್ಲವನ್ನೂ ಬಾಯಿಪಾಠ ಮಾಡಬೇಕೇ?

ಖಂಡಿತ ಬೇಡ. ಹಾಸನದಲ್ಲಿ ಪದವಿ ಓದುತ್ತ ಅನುವಾದಕರ ಪರೀಕ್ಷೆಗೆ ಸಿದ್ಧರಾಗುತ್ತಿದ್ದೀರಿ, ನಿಘಂಟಿನ ಪಟ್ಟಿ ನೋಡಿ ಗಾಬರಿಯಾಗಿದ್ದೀರಿ. ಅದೇ ಊರಿನಲ್ಲಿ ಅದೇ ಪದದಿಂದ ನಾನು ಕೆಲಸ ಕಳೆದುಕೊಂಡೆ. ಪಟ್ಟಿ ನನಗೆ ಚೆನ್ನಾಗಿಯೇ ಬಾಯಿಗೆ ಬರುತ್ತಿತ್ತು.

2018ರ ಏಪ್ರಿಲ್. ಒಂದು ಸಣ್ಣ ಪತ್ರಿಕೆಯಲ್ಲಿ ತರಬೇತಿ ಉಪಸಂಪಾದಕನಾಗಿದ್ದೆ. ಇಂಗ್ಲಿಷಿನಲ್ಲಿ ಬಂದ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿ ಪುಟಕ್ಕೆ ಕೊಡುವುದು ನನ್ನ ಕೆಲಸ. ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಉಡುಪಿ ಜಿಲ್ಲೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದಿದ್ದರು. ಭಾರವನ್ನು ನೆಲದಿಂದ ಒಂದೇ ಏಟಿಗೆ ತಲೆಯ ಮೇಲಕ್ಕೆತ್ತುವ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ, ಅದೂ ಕನ್ನಡಿಗನಿಂದ. ಕ್ರೀಡಾ ಪುಟದ ಹಿರಿಯರು ರಜೆಯಲ್ಲಿದ್ದರು. ಎಲ್ಲ ಪದಗಳನ್ನೂ ಕನ್ನಡ ಮಾಡಿಯೇ ತೀರಬೇಕೆಂಬ ಹುಮ್ಮಸ್ಸು ನನ್ನದು.

‘ಕ್ಲೀನ್’ ಎಂದರೆ ಚೊಕ್ಕ, ‘ಜರ್ಕ್’ ಎಂದರೆ ಜಗ್ಗು. ‘ಚೊಕ್ಕವಾಗಿ ಜಗ್ಗುವ ಸುತ್ತಿನಲ್ಲಿ 138 ಕೆ.ಜಿ.’ ಎಂದು ಬರೆದೆ. ಸಾಲದೆಂದು ಶೀರ್ಷಿಕೆಯಲ್ಲಿಯೂ ‘ಬೆಳ್ಳಿ ಜಗ್ಗಿದ ಗುರುರಾಜ’ ಎಂದು ಹಾಕಿದೆ. ಪ್ರಾಸವಿಲ್ಲದಿದ್ದರೂ ಪಂಚ್ ಇದೆ ಎಂದುಕೊಂಡಿದ್ದೆ!

ಬೆಳಿಗ್ಗೆ ಕಚೇರಿಗೆ ಮೊದಲು ಬಂದ ಕರೆ ವ್ಯಾಯಾಮಶಾಲೆಯ ತರಬೇತುದಾರರೊಬ್ಬರದು. ‘ಅವರು ಗೆದ್ದದ್ದು ಹಗ್ಗಜಗ್ಗಾಟದಲ್ಲಿಯೇ?’ ಎಂದು ಕೇಳಿದರು. ಆಮೇಲೆ ಸಂಜೆ ಕರೆಸಿಕೊಂಡು ಕೋಲಿಗೆ ಕಬ್ಬಿಣದ ಬಿಲ್ಲೆ ಹಾಕಿ ತೋರಿಸಿದರು. ಕ್ಲೀನ್ ಎಂದರೆ ಭಾರವನ್ನು ನೆಲದಿಂದ ಹೆಗಲಿಗೆ ತರುವುದು. ದಾರಿಯಲ್ಲಿ ಕೋಲು ಮೈಗೆ ತಾಗದಂತೆ ಏರಬೇಕಿತ್ತು, ಆ ಹಳೆಯ ನಿಯಮದಿಂದ ಆ ಹೆಸರು. ಜರ್ಕ್ ಅದರ ಮುಂದಿನ ಹಂತ. ಭಾರ ಆಗಲೇ ಹೆಗಲ ಮೇಲಿರುತ್ತದೆ. ಮಂಡಿಯನ್ನು ತುಸು ಬಾಗಿಸಿ, ಕಾಲಿನ ಬಲದಿಂದ ಅದನ್ನು ಮೇಲಕ್ಕೆ ಚಿಮ್ಮಿಸಿ, ತಾನು ಅದರ ಕೆಳಗೆ ನುಸುಳಿ, ತೋಳುಗಳನ್ನು ನೆಟ್ಟಗೆ ನಿಲ್ಲಿಸಬೇಕು. ಅಲ್ಲಿ ಜಗ್ಗುವ ಮಾತೇ ಇಲ್ಲ. ಜಗ್ಗಾಟವೇನಿದ್ದರೂ ಕ್ಲೀನ್‌ನಲ್ಲಿ. ಅಂದರೆ ನಾನು ತಪ್ಪು ಪದವನ್ನು ತಪ್ಪು ಹಂತಕ್ಕೆ ಅಂಟಿಸಿ, ದಿಕ್ಕನ್ನೂ ತಲೆಕೆಳಗು ಮಾಡಿದ್ದೆ.

ಇದನ್ನು ಇಷ್ಟು ಎಳೆಯಲು ಕಾರಣವಿದೆ. ನಿಘಂಟು ಸುಳ್ಳು ಹೇಳಿರಲಿಲ್ಲ. ‘ಥಟ್ಟನೆ ಎಳೆ, ಥಟ್ಟನೆ ತಳ್ಳು, ಎತ್ತು, ಎಸೆ’ ಎಲ್ಲವೂ ಅದರಲ್ಲಿತ್ತು. ನಾನು ಮೊದಲನೆಯದನ್ನು ಹಿಡಿದುಕೊಂಡೆ. ಏಕೆಂದರೆ ಸಕಲೇಶಪುರದಿಂದ ನಿತ್ಯ ಬಸ್ಸಿನಲ್ಲಿ ಬರುತ್ತಿದ್ದ ನನಗೆ ಜರ್ಕ್ ಎಂದರೆ ಚಾಲಕ ಬ್ರೇಕ್ ಒತ್ತಿದಾಗ ಯಾರೋ ಅಂಗಿ ಹಿಡಿದು ಎಳೆದಂತಾಗುವುದು, ಅಷ್ಟೇ. ಕ್ರೀಡೆಯನ್ನು ಒಮ್ಮೆಯೂ ನೋಡಿರಲಿಲ್ಲ. ಒಂದು ನಿಮಿಷದ ವಿಡಿಯೊ ನೋಡಿದ್ದರೆ ಸಾಕಿತ್ತು. ಅದೂ ಬೇಡ, ಪದವನ್ನು ಇದ್ದಂತೆಯೇ ‘ಕ್ಲೀನ್ ಅಂಡ್ ಜರ್ಕ್’ ಎಂದು ಬಿಟ್ಟಿದ್ದರೂ ಯಾರೂ ಕರೆ ಮಾಡುತ್ತಿರಲಿಲ್ಲ. ತರಬೇತಿ ಅವಧಿ ಮುಗಿದಾಗ ನನ್ನನ್ನು ಮುಂದುವರಿಸಲಿಲ್ಲ. ಕಾರಣವನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಪುಟವನ್ನು ಮೇಜಿನ ಮೇಲೆ ಇಟ್ಟುಕೊಂಡೇ ಮಾತನಾಡಿದರು.

ಈಗ ನಿಮ್ಮ ಪಟ್ಟಿ. ಭೌತಶಾಸ್ತ್ರದ ಜರ್ಕ್ ಎಂದರೆ ವೇಗೋತ್ಕರ್ಷ (ವೇಗ ಏರುವ ಇಲ್ಲವೇ ಇಳಿಯುವ ದರ) ಬದಲಾಗುವ ದರ. ಬ್ರೇಕ್ ಒತ್ತಿದ ಬಸ್ಸು ಪೂರ್ತಿ ನಿಂತ ಕ್ಷಣದಲ್ಲಿ ನಾವು ಹಿಂದಕ್ಕೆ ವಾಲುತ್ತೇವಲ್ಲ, ಅದುವರೆಗೆ ವೇಗವನ್ನು ತಗ್ಗಿಸುತ್ತಿದ್ದ ಬಲ ಒಮ್ಮೆಲೇ ಇಲ್ಲವಾದದ್ದರ ಪರಿಣಾಮ ಅದು. ಲಿಫ್ಟ್ ವಿನ್ಯಾಸ ಮಾಡುವವರು ಇದನ್ನು ಲೆಕ್ಕ ಹಾಕುತ್ತಾರೆ. ವೈದ್ಯರು ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಮುಂದಕ್ಕೆ ಚಿಮ್ಮುವುದೂ ಜರ್ಕ್. ಮಿದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯೇ ಅದನ್ನು ಮಾಡಿಸುತ್ತದೆ. ರಾಜಕಾರಣಿಯ ಹೇಳಿಕೆಗೆ ‘ನೀ-ಜರ್ಕ್’ (knee-jerk, ಇಲ್ಲಿ ‘ನೀ’ ಎಂದರೆ ಮಂಡಿ) ಎಂಬ ವಿಶೇಷಣ ಬಂದರೆ ‘ಹಿಂದುಮುಂದು ನೋಡದ’ ಎನ್ನಿ, ಮಂಡಿಯನ್ನು ತರಬೇಡಿ.

ಜರ್ಕ್ ಚಿಕನ್‌ಗಂತೂ ಎಳೆತಕ್ಕೂ ತಳ್ಳಾಟಕ್ಕೂ ಸಂಬಂಧವಿಲ್ಲ. ಒಣಮಾಂಸಕ್ಕೆ ಇಂಗ್ಲಿಷಿನಲ್ಲಿ ‘ಜರ್ಕಿ’ ಎನ್ನುವುದು ದಕ್ಷಿಣ ಅಮೆರಿಕದ ಕ್ವೆಚುವಾ ಭಾಷೆಯ ‘ಚಾರ್ಕಿ’ಯಿಂದ, ಸ್ಪ್ಯಾನಿಷ್ ಮೂಲಕ ಬಂದದ್ದು. ಜಮೈಕಾದ ಈ ಅಡುಗೆಯ ಹೆಸರನ್ನೂ ಸಾಮಾನ್ಯವಾಗಿ ಅದೇ ಮೂಲಕ್ಕೆ ಹಚ್ಚುತ್ತಾರೆ. ಅದರ ಮುಖ್ಯ ಮಸಾಲೆ ಆಲ್‌ಸ್ಪೈಸ್, ಮಲೆನಾಡಿನ ಹಿತ್ತಿಲುಗಳಲ್ಲಿ ‘ಸರ್ವಸಾಂಬಾರ’ ಎಂದು ಬೆಳೆಸುವ ಮರದ್ದೇ ಕಾಯಿ. ಇದನ್ನು ನಿಮ್ಮ ಪಟ್ಟಿಯಲ್ಲಿ ‘ಥಟ್ಟನೆ ಎಳೆ’ಯ ಕೆಳಗೆ ಐದನೆಯ ಅರ್ಥವೆಂದು ಬರೆದುಕೊಂಡರೆ ಏನು ಪ್ರಯೋಜನ? ರೂಪ ಒಂದೇ ಇರಬಹುದು, ಪದ ಬೇರೆಯೇ.

ಆದ್ದರಿಂದ ‘ಎಷ್ಟು ಅರ್ಥ ಕಲಿಯಲಿ’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿತ್ಯ ಪತ್ರಿಕೆಯ ಕ್ರೀಡಾ ಪುಟ, ವಿಜ್ಞಾನ ಪುಟ, ಅಡುಗೆ ಅಂಕಣ ಓದಿ. ಪದ ಕಂಡಲ್ಲಿ, ಇಲ್ಲಿ ಯಾರು ಯಾವುದನ್ನು ಯಾವ ಕಡೆಗೆ ಸರಿಸುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಯಾರೂ ಏನನ್ನೂ ಸರಿಸುತ್ತಿಲ್ಲವಾದರೆ ಅದು ಅಡುಗೆ, ಇಲ್ಲವೇ ಅಮೆರಿಕದ ಬೈಗುಳ. ಬೈಗುಳಕ್ಕೆ ‘ಒರಟ’, ‘ದುರುಳ’ ಸಾಕು, ಸಂದರ್ಭ ನೋಡಿ ಆರಿಸಿ. ಪರೀಕ್ಷೆಯಲ್ಲಿ ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಕ್ಕಿಲ್ಲ.