ನಿಮ್ಮ ಜಡೆಬಾಲದ ಮರಿಯನ್ನು ತಿನ್ನುವವರು ಯಾರು?

ನಿಮ್ಮ ಕಾದಂಬರಿಯ ಕಾಲ್ಪನಿಕ ಪ್ರಾಣಿ ‘ಜಡೆಬಾಲ’ದ ವಿವರ ಎರಡು ಸಲ ಓದಿದೆ. ಬೆಕ್ಕಿನ ಗಾತ್ರ, ಉದ್ದ ಬಾಲ, ಬರೀ ಮಾಂಸ ತಿನ್ನುತ್ತದೆ. ಆಗುಂಬೆಯಂಥ ಕಾಡಿನಲ್ಲಿ ಒಂದೇ ಮರದ ಮೇಲೆ ನೂರು ಇರುತ್ತವೆ. ಮಳೆಗಾಲದಲ್ಲಿ ಗಂಡು ಕೊಂಬೆ ತುದಿಗೆ ಮಣ್ಣಿನ ಗೂಡು ಕಟ್ಟುತ್ತದೆ. ಹಿಡಿಸದಿದ್ದರೆ ಹೆಣ್ಣು ಅದನ್ನು ಕೆಡವುತ್ತದೆ, ಹಿಡಿಸಿದರೆ ಜೀವನಪೂರ್ತಿ ಜೊತೆಗಿರುತ್ತದೆ. ಇದು ನಂಬುವ ಹಾಗಿದೆಯಾ ಅಂತ ಕೇಳಿದ್ದೀರಿ.

ಹೆಣ್ಣು ಗೂಡು ಪರೀಕ್ಷೆ ಮಾಡುವುದು ನನಗೆ ತುಂಬಾ ಇಷ್ಟವಾಯಿತು. ಗೀಜಗ ಹೆಚ್ಚೂಕಡಿಮೆ ಇದನ್ನೇ ಮಾಡುತ್ತದೆ. ಗಂಡು ಅರ್ಧ ಗೂಡು ನೇಯ್ದು, ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಕರೆಯುತ್ತದೆ. ಹೆಣ್ಣು ಒಪ್ಪಿದರೆ ಗಂಡು ಕೊಳವೆಯಂಥ ಬಾಗಿಲು ಸೇರಿಸಿ ಮುಗಿಸುತ್ತದೆ. ಒಪ್ಪದಿದ್ದರೆ ಅದು ಅಲ್ಲಿಗೇ ನಿಂತಿತು. ನಿಮ್ಮ ಹೆಣ್ಣೂ ಅರ್ಧದಲ್ಲೇ ಬಂದು ನೋಡಲಿ. ಪಾಪ, ಗಂಡಿನ ಶ್ರಮವಾದರೂ ಉಳಿಯುತ್ತದೆ.

ಆದರೆ ಗೀಜಗದ ಗಂಡು ಒಂದು ಹೆಣ್ಣು ಸಿಕ್ಕ ಮೇಲೆ ಇನ್ನೊಂದು ಗೂಡು ಶುರು ಮಾಡುತ್ತದೆ, ಇನ್ನೊಂದು ಹೆಣ್ಣಿಗಾಗಿ! ಜೀವನಪೂರ್ತಿ ಜೋಡಿಯೇ ಬೇಕು ಅಂದರೆ ಮಂಗಟ್ಟೆ ಹಕ್ಕಿಯನ್ನು ನೋಡಿ. ಅದು ಗೂಡು ಕಟ್ಟುವುದೇ ಇಲ್ಲ. ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಸೀಳಿನಿಂದ ಗಂಡು ದಿನಾ ಹಣ್ಣು ಕೊಡಬೇಕು. ಅಲ್ಲಿನ ಪರೀಕ್ಷೆಯೇ ಬೇರೆ. ಹಾಗಾಗಿ ಗೂಡಿನ ಪರೀಕ್ಷೆ, ಜೀವನಪೂರ್ತಿ ಜೋಡಿ, ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಮಣ್ಣು ಮಾತ್ರ ಬೇಡವೇ ಬೇಡ. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ಕೊಂಬೆ ತುದಿಯ ಮಣ್ಣು ಒಂದೇ ದಿನಕ್ಕೆ ಕರಗಿ ಹೋಗುತ್ತದೆ. ಮಣ್ಣಿನ ಗೂಡು ಮಾಡುವ ಕವಲುತೋಕೆ ಹಕ್ಕಿಗಳು ಸೇತುವೆಯ ಅಡಿ, ಬಂಡೆಯ ಮರೆ ಹುಡುಕುವುದು ಸುಮ್ನೆ ಅಲ್ಲ. ಹೆಸರೇ ಜಡೆಬಾಲ ಅಲ್ವಾ, ಬಾಲದಲ್ಲೇ ಬಳ್ಳಿ ಹೆಣೆಯಲಿ. ಅಥವಾ ಕೆಂದಳಿಲಿನ ಹಾಗೆ ಎಲೆ, ಕಡ್ಡಿ ಸೇರಿಸಿ ದೊಡ್ಡ ಉಂಡೆ ಕಟ್ಟಲಿ. ಅದು ಒಂದಲ್ಲ, ಹಲವು ಗೂಡು ಇಟ್ಟುಕೊಳ್ಳುತ್ತದೆ.

ಮಾಂಸ ತಿನ್ನುವ ನೂರು ಪ್ರಾಣಿಗಳಿಗೆ ಒಂದೇ ಮರದ ಸುತ್ತ ಊಟ ಎಲ್ಲಿಂದ? ಹತ್ತಕ್ಕೆ ಇಳಿಸಿ, ಇಲ್ಲವೇ ಹಣ್ಣು ತಿನ್ನಿಸಿ.

ನನಗೆ ದೊಡ್ಡ ಕೊರತೆ ಅನ್ನಿಸಿದ್ದು ಶತ್ರು. ಮೂರು ಪುಟ ಬರೆದಿದ್ದೀರಿ, ಮರಿಯನ್ನು ತಿನ್ನಲು ಬರುವವರು ಒಬ್ಬರೂ ಇಲ್ಲ. ಗೀಜಗ ಬಾವಿ, ಕೆರೆಯ ಮೇಲೆ ಬಾಗಿದ ಮುಳ್ಳುಜಾಲಿಗೋ ಈಚಲಿಗೋ ಗೂಡು ನೇತುಹಾಕುವುದು ಹಾವು ಸುಲಭಕ್ಕೆ ಬರಬಾರದು ಅಂತ. ಕಂದು ಮರಕುಟಿಗವಂತೂ ಮರದ ಮೇಲಿನ ಇರುವೆ ಗೂಡನ್ನೇ ಕೊರೆದು ಅದರೊಳಗೆ ಮೊಟ್ಟೆ ಇಡುತ್ತದೆ! ನಿಮ್ಮ ಕಾಡಿನಲ್ಲಿ ಮರ ಹತ್ತುವ ಹಾವು ಇದೆಯಾ, ಮೇಲಿಂದ ಎರಗುವ ಹದ್ದು ಇದೆಯಾ? ಅದನ್ನು ಮೊದಲು ಬರೆಯಿರಿ. ಬಾಗಿಲು ಯಾವ ಕಡೆ, ಗೂಡು ಎಷ್ಟು ಎತ್ತರ, ಹೆಣ್ಣು ಯಾಕೆ ಬೇಡ ಅಂದಿತು, ಎಲ್ಲದಕ್ಕೂ ಕಾರಣ ಅಲ್ಲೇ ಸಿಗುತ್ತದೆ.

ಮಣ್ಣು ಬಿಡಲು ಮನಸ್ಸಿಲ್ಲದಿದ್ದರೆ ಗೂಡಿನ ಒಳಗೆ ಬಳಸಿ. ಚಿಕ್ಕವನಿದ್ದಾಗ ನಮ್ಮ ಬಾವಿಯ ಹತ್ತಿರ ಬಿದ್ದ ಗೀಜಗದ ಗೂಡು ಬಿಡಿಸಿದರೆ ಒಳಗೆ ಒಣ ಮಣ್ಣಿನ ಉಂಡೆ ಅಂಟಿರುತ್ತಿತ್ತು. ಅದಕ್ಕೆ ಮಿಂಚುಹುಳ ಸಿಕ್ಕಿಸಿ ದೀಪ ಮಾಡಿಕೊಳ್ಳುತ್ತೆ ಅಂತ ಅಜ್ಜಿ ಹೇಳುತ್ತಿದ್ದರು. ಅದು ಬರೀ ಕಥೆ. ನೀವು ಬರೆಯುತ್ತಿರುವುದೂ ಕಥೆಯೇ ಅಲ್ವಾ, ಧಾರಾಳವಾಗಿ ಬಳಸಿಕೊಳ್ಳಿ.