ಕೋಲಾರದಲ್ಲಿ ಹಳೇ ಮನೆಗೆ ಗೀಸರ್ ಹಾಕಿಸಬೇಕು. ಎಲೆಕ್ಟ್ರಿಷಿಯನ್ ಹತ್ತಿರ ಏನೇನು ಕೇಳಬೇಕು?

ಗೀಸರ್ ಗೋಡೆಗೆ ಕೂರಿಸುವುದು ಸುಲಭ. ಹಳೇ ವೈರಿಂಗ್ ಅದನ್ನು ತಡೆಯುತ್ತದಾ ಅನ್ನೋದೇ ಪ್ರಶ್ನೆ.

2000 ವ್ಯಾಟ್ ಗೀಸರ್ ಸುಮಾರು 9 ಆಂಪ್ಸ್ ಎಳೆಯುತ್ತದೆ. ಲೈಟು, ಫ್ಯಾನಿನ ಲೈನಿಂದಲೇ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಮೇನ್ ಬೋರ್ಡಿಂದ ಬೇರೆ ಲೈನ್, ಕಡಿಮೆ ಅಂದರೂ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, 16 ಆಂಪ್ಸ್ ಸಾಕೆಟ್, ಅದಕ್ಕೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ.

ನಮ್ಮ ಕಡೆ ಜಾಸ್ತಿ ಕೈಕೊಡುವುದು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಕೋಲಾರದ ಬೇಸಿಗೆಯಲ್ಲಿ ನೆಲ ಒಣಗಿದರೆ ಕರೆಂಟು ಮಣ್ಣಿಗೆ ಸರಿಯಾಗಿ ಇಳಿಯುವುದಿಲ್ಲ. ಹಿತ್ತಲಲ್ಲಿ ಅರ್ತ್ ಪೈಪ್ ಎಲ್ಲಿದೆ ಹುಡುಕಿ. ಎಷ್ಟೋ ಮನೆಗಳಲ್ಲಿ ಅದರ ಮೇಲೆ ಸಿಮೆಂಟ್ ಬಳಿದಿರುತ್ತಾರೆ, ಇಲ್ಲವೇ ತುಕ್ಕು ಹಿಡಿದ ತಂತಿ ಸುಮ್ನೆ ನೇತಾಡುತ್ತಿರುತ್ತದೆ. ಬೇಸಿಗೆಯಲ್ಲಿ ಆ ಪೈಪ್ ಹೂತಿರುವ ಗುಂಡಿಗೆ ಆಗಾಗ ನೀರು ಹಾಕಿ. ಎಲೆಕ್ಟ್ರಿಷಿಯನ್‌ಗೆ ಅರ್ತ್ ಟೆಸ್ಟರ್ ತಂದು ಅಳೆದು ತೋರಿಸಲು ಹೇಳಿ. ನೋಡದೆಯೇ "ಸರಿ ಇದೆ ಸಾರ್" ಅಂದರೆ ಸಾಲದು.

30 ಮಿಲಿ ಆಂಪ್ಸ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಈಗಲೇ ಹಾಕಿಸಿ. ಎಂಸಿಬಿ ಕಾಯುವುದು ವೈರನ್ನು, ಶಾಕ್‌ನಿಂದ ನಿಮ್ಮನ್ನು ಕಾಯುವುದು ಇದು. ಟೆಸ್ಟ್ ಬಟನ್ ಒತ್ತಿಸಿ ನೋಡಿ. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಅದನ್ನು ಬೈಪಾಸ್ ಮಾಡುವವರನ್ನು ಮತ್ತೆ ಮನೆಗೆ ಸೇರಿಸಬೇಡಿ.

ಪಕ್ಕದ ಮನೆಯವರು ಹೇಳಿದ ಹುಡುಗ ಒಳ್ಳೇ ಕೆಲಸಗಾರನೇ ಇರಬಹುದು. ಆದರೂ ವೈರ್‌ಮನ್ ಪರ್ಮಿಟ್ ಇದೆಯಾ ಕೇಳಿ, ಕೇಳೋಕೆ ಸಂಕೋಚ ಏನು? ವೈರು, ಎಂಸಿಬಿ ನೀವೇ ಐಎಸ್‌ಐ ಗುರುತು ನೋಡಿ ತನ್ನಿ, ಬಿಲ್ ಇಟ್ಟುಕೊಳ್ಳಿ. ಕಂಬದಿಂದ ಮೀಟರ್‌ವರೆಗಿನ ತೊಂದರೆಗೆ ಅವನನ್ನು ಕಂಬ ಹತ್ತಿಸಬೇಡಿ. ಅದು ಬೆಸ್ಕಾಂ ಕೆಲಸ, 1912ಕ್ಕೆ ಫೋನ್ ಮಾಡಿ.